ಐದು ಗಂಟೆಯೊಳಗೆ ಒಂದು ಅಂಗಳ

ಕಳೆದ ಜನವರಿಯಲ್ಲಿ ಸಂಕ್ರಾಂತಿಯ ರಜೆಗೆ ಇನ್ನೆರಡು ದಿನ ಸೇರಿಸಿಕೊಂಡು, ಕುಶಾಲನಗರದ ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹೊರಟು, ಮಡಿಕೇರಿ, ಭಾಗಮಂಡಲ, ತಲಕಾವೇರಿ, ನಾಪೋಕ್ಲು, ಕಕ್ಕಬ್ಬೆಗಳನ್ನು ಸುತ್ತಿ ಮೂರನೆಯ ದಿನ ಸಂಜೆ ಹಿಂತಿರುಗಿದೆ. ಎರಡು ರಾತ್ರಿ ಡೇರೆಯಲ್ಲಿ ಮಲಗಿದೆ. ಜೊತೆಗೆ ಯಾರೂ ಇರಲಿಲ್ಲ. ಶಾಲೆಯ ಸಹೋದ್ಯೋಗಿಗಳು ಹೊರಡುವ ಮುನ್ನ ಕೇಳಿದ ಪ್ರಶ್ನೆಗಳೆಲ್ಲ ಸೈಕಲ್ಲಿಗೆ ಸಂಬಂಧಿಸಿದವು: ಗೇರ್ ಎಷ್ಟು, ಬೆಲೆ ಎಷ್ಟು, ಈ ವಯಸ್ಸಿನಲ್ಲಿ ಬೋಯಿಕೇರಿಯ ಏರು ಹತ್ತಲಾಗುತ್ತದೆಯೇ ಎಂಬಂಥವು. ಹೋಗಿ ಬಂದ ಮೇಲೆ ತಿಳಿದದ್ದೆಂದರೆ, ಏರು ಎಷ್ಟೇ ಕಡಿದಾಗಿದ್ದರೂ ಇಳಿದು ತಳ್ಳಿಕೊಂಡಾದರೂ ಹತ್ತಬಹುದು. ಕೊಡಗಿನಲ್ಲಿ ಕಷ್ಟವಾಗುವುದು ಸಂಜೆ ಐದು ಗಂಟೆಯೊಳಗೆ ಡೇರೆ ಹೂಡಲು ನಾಲ್ಕು ಗಜ ನೆಲ ದೊರಕಿಸಿಕೊಳ್ಳುವುದು.

ಹೊರದೇಶದ ಸೈಕಲ್ ಪ್ರಯಾಣಿಕರ ಬರಹಗಳನ್ನು ಓದಿ ಆಸೆ ಹುಟ್ಟಿಸಿಕೊಂಡವಳು ನಾನು. ಅಮೆರಿಕದ ಕ್ಯಾಲಿಫೋರ್ನಿಯಾ, ಆರೆಗನ್ ರಾಜ್ಯಗಳ ಹಲವು ಸ್ಟೇಟ್ ಪಾರ್ಕುಗಳಲ್ಲಿ ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಬಂದವರಿಗೆಂದೇ ಕಡಿಮೆ ಶುಲ್ಕದ ಜಾಗವನ್ನು ಬಿಟ್ಟಿರುತ್ತಾರೆ. ಅಲ್ಲಿ ನಲ್ಲಿ, ಊಟದ ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ ಎಲ್ಲವೂ ಇರುತ್ತವೆ. ನಮ್ಮಲ್ಲಿ ಅಂಥ ಏರ್ಪಾಡನ್ನು ಹುಡುಕಿಕೊಂಡು ಹೊರಟರೆ ನಿರಾಶೆಯೇ ಗತಿ. ಕೊಡಗಿನ ಕಾಡಿನಲ್ಲಿ ದೊಡ್ಡ ಪಾಲು ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಭಯಾರಣ್ಯಗಳಿಗೂ ನಾಗರಹೊಳೆ ರಾಷ್ಟ್ರೀಯ ಉದ್ಯಾನಕ್ಕೂ ಸೇರಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವುಗಳೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ, ರಾತ್ರಿ ತಂಗುವ ಮಾತಂತೂ ದೂರವೇ ಉಳಿಯಿತು. ದೇವರಕಾಡುಗಳಲ್ಲಿ ಮಲಗುವ ಯೋಚನೆಯನ್ನು ಇಲ್ಲಿ ಹುಟ್ಟಿ ಬೆಳೆದವರು ಯಾರೂ ಮಾಡುವುದಿಲ್ಲ. ಉಳಿದದ್ದು ಕಾಫಿ ತೋಟ, ಗದ್ದೆ, ಮತ್ತು ಬಾಣೆ, ಅಂದರೆ ಗದ್ದೆಗೆ ಸೇರಿದಂತೆ ಬಿಟ್ಟಿರುವ ಹುಲ್ಲು, ಮರಗಳ ಎತ್ತರದ ನೆಲ. ರಸ್ತೆಯಿಂದ ನೋಡಿದರೆ ಬರೀ ಹುಲ್ಲು ಬೆಳೆದು ಖಾಲಿ ಬಿದ್ದಂತೆ ಕಾಣುವ ಬಾಣೆಗೂ ಒಂದು ಮನೆತನದ ಹೆಸರಿರುತ್ತದೆ. ಆದುದರಿಂದ ಕೊಡಗಿನಲ್ಲಿ ಡೇರೆ ಹೂಡುವುದೆಂದರೆ ಯಾರದಾದರೊಬ್ಬರ ಅಂಗಳವನ್ನು ಕೇಳಿ ಪಡೆಯುವುದೆಂದೇ ಅರ್ಥ, ಮತ್ತು ನನ್ನ ಸಿದ್ಧತೆಯೆಲ್ಲ ಈ ಒಂದು ಸಂಗತಿಯ ಸುತ್ತಲೇ ನಡೆಯಿತು.

ತಿಂಗಳನ್ನು ಆರಿಸಿದ್ದೂ ಅದಕ್ಕಾಗಿಯೇ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ, ಇಂಬಳ. ನವೆಂಬರ್, ಡಿಸೆಂಬರಿನಲ್ಲಿ ಗದ್ದೆಯ ಭತ್ತ ಹಣ್ಣಾಗಿ ನಿಂತಿರುವುದರಿಂದ ರಾತ್ರಿ ಆನೆಗಳು ಅತ್ತ ಇಳಿಯುತ್ತವೆ. ಏಪ್ರಿಲ್ ದಾಟಿದರೆ ಹಲಸಿನ ಹಣ್ಣಿನ ಕಾಲ, ಆಗಲೂ ಅದೇ ಕಥೆ. ಜನವರಿಯಲ್ಲಿ ಬಹುಪಾಲು ಗದ್ದೆಗಳ ಕೊಯ್ಲು ಮುಗಿದಿರುತ್ತದೆ, ನೆಲ ಒಣಗಿರುತ್ತದೆ, ಕಾಫಿ ಕೊಯ್ಲಿನಿಂದಾಗಿ ತೋಟಗಳಲ್ಲಿ ಹಗಲೆಲ್ಲ ಜನರಿರುತ್ತಾರೆ. ಒಂಟಿಯಾಗಿ ಹೋಗುವ ಹೆಂಗಸಿಗೆ ಈ ಕೊನೆಯ ಮಾತು ಸಣ್ಣದಲ್ಲ.

ಸೈಕಲ್ಲಿನ ವಿಷಯವನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ನನ್ನದು ಏಳು ವರ್ಷ ಹಳೆಯ, ಉಕ್ಕಿನ ಚೌಕಟ್ಟಿನ, ಹದಿನಾಲ್ಕು ಕಿಲೋ ತೂಗುವ ಸೈಕಲ್. ಮುಂದಿನ ಸಣ್ಣ ಹಲ್ಲುಚಕ್ರಕ್ಕೆ 28 ಹಲ್ಲು, ಹಿಂದಿನ ದೊಡ್ಡದಕ್ಕೆ 34. ಈ ಜೋಡಣೆಯಲ್ಲಿ ಪೆಡಲನ್ನು ಒಂದು ಸುತ್ತು ತುಳಿದರೆ ಹಿಂದಿನ ಚಕ್ರ ಪೂರ್ತಿ ಒಂದು ಸುತ್ತು ಕೂಡ ತಿರುಗುವುದಿಲ್ಲ. ಸೈಕಲ್ ಸರಿಯುವುದು ಸುಮಾರು 1.8 ಮೀಟರ್ ಮಾತ್ರ. ಹೇರು ತುಂಬಿದ ಸೈಕಲ್ಲಿಗೆ ನಮ್ಮ ಏರುಗಳಲ್ಲಿ ಇದೇ ಸರಿ. ಸಾಮಾನು, ನೀರು ಸೇರಿ ಹದಿನೇಳು ಕಿಲೋ: ಎರಡು ಕಿಲೋದ ಒಂಟಿ ಡೇರೆ, ಮಲಗುವ ಚೀಲ, ಮಡಚುವ ಹಾಸು, ಗ್ಯಾಸ್ ಒಲೆ, ಒಂದು ಪಾತ್ರೆ, ಅವಲಕ್ಕಿ, ನೂಡಲ್ಸ್, ಎರಡು ಟ್ಯೂಬು, ಪಂಚರ್ ಸಾಮಾನು, ಕಡ್ಡಿ ಬಿಗಿಸುವ ಚಾವಿ. ಎಲ್ಲವನ್ನೂ ಹಿಂದಿನ ಕ್ಯಾರಿಯರಿನ ಎರಡು ಬದಿಯ ಚೀಲಗಳಲ್ಲಿ ತುಂಬಿದೆ. ಮುಂದೆ ಕ್ಯಾರಿಯರ್ ಇರಲಿಲ್ಲ. ಈ ತಪ್ಪಿನ ಬಿಲ್ಲು ಎರಡನೆಯ ದಿನ ನಾಪೋಕ್ಲಿನ ಹತ್ತಿರ ಬಂತು.

ಮೊದಲ ದಿನ ಬೆಳಿಗ್ಗೆ ಏಳೂವರೆಯವರೆಗೆ ಬೇಕೆಂದೇ ಮನೆಯಲ್ಲಿ ಕುಳಿತಿದ್ದೆ. ಗುಡ್ಡೆಹೊಸೂರು ದಾಟಿದ ಮೇಲೆ ಸುಂಟಿಕೊಪ್ಪಕ್ಕೆ ಮುನ್ನ ಸಿಗುವ ಆನೆಕಾಡಿನಲ್ಲಿ ಹೆದ್ದಾರಿಯನ್ನು ಆನೆಗಳು ದಾಟುವುದು ನಮ್ಮ ಕಡೆಯವರಿಗೆ ಹೊಸ ಸುದ್ದಿಯಲ್ಲ, ಮತ್ತು ಸೈಕಲ್ಲಿಗೆ ಕಾರಿನಂತೆ ಗಾಜು ಏರಿಸಿಕೊಳ್ಳುವ ಸೌಕರ್ಯವಿಲ್ಲ. ಬಿಸಿಲು ಚೆನ್ನಾಗಿ ಬಿದ್ದು, ಬಸ್ಸು ಲಾರಿಗಳ ಓಡಾಟ ಶುರುವಾದ ಮೇಲೆಯೇ ಆ ಭಾಗವನ್ನು ದಾಟಿದೆ. ಸುಂಟಿಕೊಪ್ಪದಲ್ಲಿ ಇಡ್ಲಿ ತಿಂದು, ಕೆದಕಲ್ ದಾಟಿ, ಬೋಯಿಕೇರಿಯ ಏರನ್ನು ಗಂಟೆಗೆ ಆರೇಳು ಕಿಲೋಮೀಟರಿನ ವೇಗದಲ್ಲಿ ಹತ್ತಿ, ಮಡಿಕೇರಿಯನ್ನು ಹನ್ನೊಂದೂವರೆಗೆ ಮುಟ್ಟಿದೆ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್. ಬಸ್ಸಿನಲ್ಲಿ ತೂಕಡಿಸುತ್ತಾ ಹೋಗುವಾಗ ತಿಳಿಯದ ಸಂಗತಿಯೆಂದರೆ, ಈ ದಾರಿಯ ಏರೆಲ್ಲ ಕಡೆಯ ಅರ್ಧದಲ್ಲಿ ಕೂಡಿಕೊಂಡಿದೆ. ಮಡಿಕೇರಿಯಲ್ಲಿ ನಿಲ್ಲದೆ, ಬೆಟ್ಟಗೇರಿ, ಚೇರಂಬಾಣೆಗಳ ಮೂಲಕ ಭಾಗಮಂಡಲದ ದಾರಿ ಹಿಡಿದೆ. ಹೆದ್ದಾರಿ ಬಿಟ್ಟ ಮೇಲೆ ವಾಹನ ಕಡಿಮೆ, ನೆರಳು ಹೆಚ್ಚು, ಏರಿಳಿತ ಮಾತ್ರ ಮುಗಿಯುವುದೇ ಇಲ್ಲ.

ಆ ರಾತ್ರಿಯ ಜಾಗ ಮೊದಲೇ ಗೊತ್ತಾಗಿತ್ತು: ಭಾಗಮಂಡಲಕ್ಕೆ ಎರಡು ಕಿಲೋಮೀಟರ್ ಇರುವಾಗ ಸಿಗುವ, ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ಚಿಕ್ಕಮ್ಮನ ಮನೆ. ನಾಲ್ಕು ಗಂಟೆಗೆ ತಲುಪಿದೆ. ಅಲ್ಲಿ ಎದುರಾದ ತೊಡಕನ್ನು ನಾನು ಎಣಿಸಿಯೇ ಇರಲಿಲ್ಲ. ಚಿಕ್ಕಮ್ಮ ಹಾಸಿಗೆ ಹಾಕಿಟ್ಟಿದ್ದರು.

“ಮನೆ ಇಷ್ಟು ದೊಡ್ಡದಿದೆ, ಹೊರಗೆ ಯಾಕೆ ಮಲಗುತ್ತೀರಿ ಟೀಚರ್? ಬಂದವರನ್ನು ಅಂಗಳದಲ್ಲಿ ಮಲಗಿಸಿದರು ಅಂತ ನಾಳೆ ನಾಲ್ಕು ಜನ ಆಡಿಕೊಳ್ಳುವುದಿಲ್ಲವಾ?”

ಡೇರೆಯಲ್ಲಿ ಮಲಗುವುದಕ್ಕೆಂದೇ ಬಂದಿದ್ದೇನೆ ಎಂದು ಎಷ್ಟು ಸಲ ಹೇಳಿದರೂ ಅದು ಸಂಕೋಚದ ಮಾತೆಂದೇ ಅವರು ತಿಳಿದರು. ಮನೆಯವರು ತಮ್ಮತಮ್ಮಲ್ಲಿ ಅರೆಭಾಷೆಯಲ್ಲಿ ಬಹಳ ಹೊತ್ತು ಚರ್ಚಿಸಿದರು. ಕಡೆಗೆ ಊಟ, ಬಿಸಿನೀರಿನ ಸ್ನಾನ ಎಲ್ಲವೂ ಮನೆಯೊಳಗೆ, ನಿದ್ದೆ ಮಾತ್ರ ಹೊರಗೆ ಎಂಬ ಒಪ್ಪಂದವಾಯಿತು. ಅದರ ಮೇಲೂ ಹಿಂಬಾಗಿಲಿಗೆ ಚಿಲಕ ಹಾಕುವುದಿಲ್ಲ ಎಂದು ಚಿಕ್ಕಮ್ಮ ಎರಡು ಬಾರಿ ಹೇಳಿದರು. ಇಂಥ ಪ್ರಯಾಣಕ್ಕೆ ಹೊರಡುವ ಯಾರಿಗಾದರೂ ನಾನು ಹೇಳುವುದು ಇಷ್ಟೇ: ಊಟವನ್ನು ಬೇಡವೆನ್ನಬೇಡಿ. ಹಾಸಿಗೆ, ಊಟ ಎರಡನ್ನೂ ಬೇಡವೆಂದರೆ ಅದು ಮನೆಯವರಿಗೆ ಅವಮಾನವಾಗುತ್ತದೆ. ಹದಿನೇಳು ಕಿಲೋದಲ್ಲಿ ಒಲೆ, ಗ್ಯಾಸು, ಪಾತ್ರೆ, ನೂಡಲ್ಸುಗಳ ಪಾಲು ಎರಡೂವರೆ ಕಿಲೋ. ಮೂರು ದಿನದಲ್ಲಿ ಒಮ್ಮೆಯೂ ಒಲೆ ಹೊತ್ತಿಸಲಿಲ್ಲ.

ಡೇರೆಗೆ ಸಿಕ್ಕಿದ್ದು ಕಾಫಿ ಒಣಗಿಸುವ ಕಣದ ಮೂಲೆ. ಸಿಮೆಂಟಿನ ಕಣಕ್ಕೆ ಗೂಟ ಇಳಿಯುವುದಿಲ್ಲ. ಗೂಟವಿಲ್ಲದೆಯೇ ನಿಲ್ಲುವ, ಕಮಾನಿನ ಕಡ್ಡಿಗಳ ಡೇರೆಯಾದ್ದರಿಂದ ನಾಲ್ಕು ಮೂಲೆಗಳ ಒಳಗೆ ತಲಾ ಒಂದು ಕಲ್ಲಿಟ್ಟು ನಿಲ್ಲಿಸಿದೆ. ಬಿಸಿಲಿನಲ್ಲಿ ಹರಡಿದ್ದ ಕಾಫಿಯನ್ನು ಮನೆಯವರು ಸಂಜೆ ಗುಡ್ಡೆ ಮಾಡಿ, ಇಬ್ಬನಿಗೆ ನೆನೆಯದಂತೆ ಟಾರ್ಪಾಲು ಹೊದಿಸಿದರು. ಅರ್ಧ ಒಣಗಿದ ಹಣ್ಣಿನ ಸಿಪ್ಪೆಯ ಹುಳಿ ವಾಸನೆ ರಾತ್ರಿಯೆಲ್ಲ ಡೇರೆಯೊಳಗೆ ಬರುತ್ತಿತ್ತು. ಹಗಲೆಲ್ಲ ಕಾದಿದ್ದ ಸಿಮೆಂಟು ಬೆನ್ನಿಗೆ ಒಂಬತ್ತು ಗಂಟೆಯವರೆಗೂ ಬೆಚ್ಚಗಿತ್ತು. ಆಮೇಲೆ ಅದೇ ಸಿಮೆಂಟು ಮೈಯ ಶಾಖವನ್ನೆಲ್ಲ ಎಳೆದುಕೊಳ್ಳತೊಡಗಿತು. ಚಳಿಯೆಂದು ಡೇರೆಯ ಗಾಳಿಕಿಂಡಿಗಳನ್ನೂ ಮುಚ್ಚಿದೆ. ಬೆಳಗಿನ ಐದೂವರೆಗೆ ಕಣ್ಣು ಬಿಟ್ಟಾಗ ನನ್ನ ಸಣ್ಣ ತಾಪಮಾಪಕ 11 ಡಿಗ್ರಿ ತೋರಿಸುತ್ತಿತ್ತು, ಮತ್ತು ನನ್ನ ಉಸಿರಿನ ತೇವವೇ ಬಟ್ಟೆಯ ಒಳಮೈಯಲ್ಲಿ ಹನಿಗಟ್ಟಿ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಮಲಗುವ ಚೀಲದ ಮೇಲ್ಭಾಗ ಒದ್ದೆ. ಟಾರ್ಪಾಲಿನ ಕೆಳಗಿದ್ದ ಕಾಫಿ ನನಗಿಂತ ಒಣಗಿತ್ತು. ಎರಡನೆಯ ರಾತ್ರಿ ಎರಡು ಕಿಂಡಿಗಳನ್ನೂ ತೆರೆದಿಟ್ಟು, ಸ್ವೆಟರಿನ ಮೇಲೆ ಇನ್ನೊಂದು ಅಂಗಿ ಹಾಕಿ ಮಲಗಿದೆ. ಚಳಿ ಹೆಚ್ಚೇನೂ ಆಗಲಿಲ್ಲ, ಡೇರೆ ಒಣಗಿಯೇ ಇತ್ತು.

ಎರಡನೆಯ ದಿನ ಬೆಳಿಗ್ಗೆ ಚೀಲಗಳನ್ನು ಕಣದಲ್ಲೇ ಬಿಟ್ಟು ಬರಿಯ ಸೈಕಲ್ಲಿನಲ್ಲಿ ತಲಕಾವೇರಿಗೆ ಹೋದೆ. ಭಾಗಮಂಡಲದಿಂದ ಸುಮಾರು ಎಂಟು ಕಿಲೋಮೀಟರ್, ಎಲ್ಲವೂ ಏರು. ತಲಕಾವೇರಿ 1276 ಮೀಟರ್ ಎತ್ತರದಲ್ಲಿದೆ. ಹೊರೆಯಿಲ್ಲದ ಸೈಕಲ್ ಆ ದಿನ ಹಕ್ಕಿಯಂತೆ ಅನಿಸಿತು. ಅಕ್ಟೋಬರಿನಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವದ ವೇಳೆ ಕಾಲಿಡಲು ಜಾಗವಿಲ್ಲದ, ಕಾವೇರಿ ಹುಟ್ಟುವ ಪುಟ್ಟ ಕುಂಡಿಕೆಯ ಬಳಿ ಅಂದು ಅರ್ಚಕರೂ ಮೂರ್ನಾಲ್ಕು ಮಂದಿ ಭಕ್ತರೂ ಮಾತ್ರ ಇದ್ದರು. 2020ರ ಆಗಸ್ಟಿನಲ್ಲಿ ಇಲ್ಲಿಯ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಕುಟುಂಬವೇ ಮಣ್ಣಿನಡಿ ಸಿಲುಕಿದ್ದನ್ನು ಮರೆತು ಈ ದಾರಿಯಲ್ಲಿ ಹೋಗಲು ನಮ್ಮಿಂದಾಗುವುದಿಲ್ಲ. 2018ರ ಮಳೆಗಾಲದ ಭೂಕುಸಿತಗಳನ್ನು ಕಂಡವರಿಗೆ ಬರೆಯ, ಅಂದರೆ ಬೆಟ್ಟವನ್ನು ಕಡಿದು ಮಾಡಿದ ಗೋಡೆಯ, ಬುಡದಲ್ಲಿ ನಿಲ್ಲುವಾಗ ಕಣ್ಣು ತಾನಾಗಿ ಮೇಲೆ ಹೋಗುತ್ತದೆ. ಜನವರಿಯಲ್ಲಿ ಭಯವಿಲ್ಲವೆಂದು ಗೊತ್ತಿದ್ದರೂ, ಡೇರೆಗೆ ಜಾಗ ನೋಡುವಾಗ ಹಿಂದೆ ಬರೆ ಇಲ್ಲದ ಅಂಗಳವನ್ನೇ ನಾನು ಹುಡುಕುತ್ತೇನೆ. ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಹಿಡಿಯದೆ, ತಿರುವಿಗೆ ಮುನ್ನ ಬಲವಾಗಿ ಹಿಡಿದು, ನೇರ ದಾರಿಯಲ್ಲಿ ಪೂರ್ತಿ ಬಿಟ್ಟು ಬಂದೆ. ಹಾಗೆ ಮಾಡಿದರೆ ಮಧ್ಯೆ ಮಧ್ಯೆ ರಿಮ್ಮಿಗೆ ಆರಲು ಸಮಯ ಸಿಗುತ್ತದೆ.

ಚೀಲ ಹೇರಿಕೊಂಡು ಅಯ್ಯಂಗೇರಿಯ ಮೂಲಕ ನಾಪೋಕ್ಲಿನ ಕಡೆಗೆ ಹೊರಟಾಗ ಹನ್ನೊಂದು ಗಂಟೆ. ಒಂದು ಗುಂಡಿ ತಪ್ಪಿಸಲು ಹೋಗಿ ಇನ್ನೊಂದಕ್ಕೆ ಹಿಂದಿನ ಚಕ್ರ ಇಳಿದಾಗ ‘ಟಣ್’ ಎಂದಿತು. ಕಲ್ಲು ಸಿಡಿಯಿತೆಂದುಕೊಂಡು ನೂರು ಮೀಟರ್ ಹೋದ ಮೇಲೆ ಬ್ರೇಕಿನ ರಬ್ಬರು ಪ್ರತಿ ಸುತ್ತಿಗೂ ಒಂದು ಸಲ ಉಜ್ಜುವ ಸದ್ದು ಕೇಳಿಸಿತು. ಇಳಿದು ನೋಡಿದರೆ ಹಿಂದಿನ ಚಕ್ರದಲ್ಲಿ, ಹಲ್ಲುಚಕ್ರಗಳಿರುವ ಬದಿಯಲ್ಲೇ, ಒಂದು ಕಡ್ಡಿ ಚಕ್ರದ ನಡುವಿನ ಗುಂಬದ (ಹಬ್) ಬಳಿ ಮುರಿದಿತ್ತು. ಆ ಬದಿಯ ಕಡ್ಡಿಗಳು ಇನ್ನೊಂದು ಬದಿಯವಕ್ಕಿಂತ ಬಿಗಿಯಾಗಿರುತ್ತವೆ. ಹದಿನೇಳು ಕಿಲೋವನ್ನೂ ನನ್ನನ್ನೂ ಹಿಂದಿನ ಚಕ್ರವೊಂದೇ ಎರಡು ದಿನದಿಂದ ಹೊತ್ತಿತ್ತು. ಕಡ್ಡಿ ಮುರಿದ ಜಾಗದಲ್ಲಿ ರಿಮ್ಮು ಎಡಕ್ಕೆ ವಾಲಿತ್ತು. ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿ, ಅದರ ಆಚೀಚೆ ಇದ್ದ ಎಡಬದಿಯ ಎರಡು ಕಡ್ಡಿಗಳನ್ನು ಚಾವಿಯಿಂದ ಅರ್ಧರ್ಧ ಸುತ್ತು ಸಡಿಲಿಸಿದೆ. ವಾಲುವುದು ಪೂರ್ತಿ ಹೋಗದಿದ್ದರೂ ರಬ್ಬರಿಗೆ ತಾಗುವುದು ನಿಂತಿತು. ಏರಿನಲ್ಲಿ ಇಳಿದು ತಳ್ಳುತ್ತಾ, ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನೇ ಹೆಚ್ಚು ನಂಬುತ್ತಾ ನಾಪೋಕ್ಲು ಸೇರುವಾಗ ಎರಡು ಗಂಟೆ ದಾಟಿತ್ತು.

ಸೈಕಲ್ ಅಂಗಡಿ ಎಂದು ಜನ ತೋರಿಸಿದ ಕಡೆ ಸ್ಕೂಟರುಗಳೇ ತುಂಬಿದ್ದವು. ಅಂಗಡಿಯ ಕಾಕ ಚಕ್ರವನ್ನು ಒಮ್ಮೆ ತಿರುಗಿಸಿ ನೋಡಿ, ಹಲ್ಲುಚಕ್ರ ಬಿಚ್ಚುವ ಸಾಧನ ತಮ್ಮಲ್ಲಿಲ್ಲ, ಅದನ್ನು ಬಿಚ್ಚದೆ ಹೊಸ ಕಡ್ಡಿ ಪೋಣಿಸಲಾಗದು ಎಂದರು. ನನ್ನ ಮುಖ ನೋಡಿದರೋ ಏನೋ, ಒಂದು ಬೀಡಿ ಹಚ್ಚಿ, ಮೂಲೆಯ ಡಬ್ಬಿಯಿಂದ ಹಳೆಯ ಕಡ್ಡಿಯೊಂದನ್ನು ಹೆಕ್ಕಿ ತೆಗೆದರು. ಅದರ ತಲೆಯನ್ನು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ತುದಿಯನ್ನು ಒಮ್ಮೆ ಇತ್ತ, ಬೆರಳಗಲವೂ ಬಿಡದೆ ಮತ್ತೊಮ್ಮೆ ಅತ್ತ, ಹೀಗೆ ಎರಡು ಮಡಿಕೆಯ ಕೊಕ್ಕೆಯಾಗಿ ಬಗ್ಗಿಸಿದರು. ತಲೆಯಿರುವ ಕಡ್ಡಿಯನ್ನು ಗುಂಬದ ತೂತಿನ ಮೂಲಕ ಉದ್ದಕ್ಕೆ ಪೋಣಿಸಬೇಕಾಗುತ್ತದೆ, ಅದಕ್ಕೆ ಹಲ್ಲುಚಕ್ರ ಅಡ್ಡ. ಕೊಕ್ಕೆಯನ್ನಾದರೆ ಪಕ್ಕದ ಸಂದಿಯಿಂದ ತೂತಿಗೆ ಸಿಕ್ಕಿಸಿದರೆ ಸಾಕು. ಮೂರನೆಯ ಪ್ರಯತ್ನಕ್ಕೆ ಅದು ‘ಟಕ್’ ಎಂದು ಕೂತಿತು. ಚಕ್ರವನ್ನು ತಲೆಕೆಳಗಾಗಿ ನಿಲ್ಲಿಸಿದ ಸೈಕಲ್ಲಿನಲ್ಲೇ ತಿರುಗಿಸುತ್ತಾ, ಸೀಮೆಸುಣ್ಣದ ತುಂಡೊಂದನ್ನು ರಿಮ್ಮಿಗೆ ಹಿಡಿದು, ಗುರುತು ಬಿದ್ದ ಕಡೆಯಲ್ಲೆಲ್ಲ ಕಡ್ಡಿ ಸರಿಮಾಡಿ ಬೆಂಡು ತೆಗೆದರು.

“ಕತ್ತೆಗೂ ಎರಡು ಬದಿ ಹೇರುತ್ತಾರೆ ಅಕ್ಕ, ಬರೀ ಬಾಲದ ಮೇಲೆ ಹೇರುವುದಿಲ್ಲ” ಎಂದು ಹೇಳಿ ಐವತ್ತು ರೂಪಾಯಿ ತೆಗೆದುಕೊಂಡರು.

ಅಲ್ಲಿಯೇ ಒಲೆ, ಗ್ಯಾಸು, ಪಾತ್ರೆ, ನೂಡಲ್ಸನ್ನೂ ನಾಲ್ಕು ಲೀಟರಿನ ನೀರಿನ ಚೀಲವನ್ನೂ ರಟ್ಟಿನ ಡಬ್ಬಿಗೆ ತುಂಬಿ, ಕುಶಾಲನಗರಕ್ಕೆ ಪಾರ್ಸೆಲ್ ಒಯ್ಯುವ ವ್ಯಾನಿಗೆ ಕೊಟ್ಟೆ. ಡೇರೆಯನ್ನು ಹಗ್ಗದಿಂದ ಹ್ಯಾಂಡಲ್ಲಿಗೆ ಕಟ್ಟಿದೆ. ಹಿಂದೆ ಉಳಿದದ್ದು ಎಂಟು ಕಿಲೋ. ಕೊಕ್ಕೆ ಕಡ್ಡಿ ಮುಂದೆ ತೊಂದರೆ ಕೊಡಲಿಲ್ಲ.

ಆದರೆ ಗಂಟೆ ಮೂರೂ ಇಪ್ಪತ್ತಾಗಿತ್ತು, ಮತ್ತು ಆ ರಾತ್ರಿಗೆ ಜಾಗ ಗೊತ್ತುಮಾಡಿರಲಿಲ್ಲ. ಕಕ್ಕಬ್ಬೆಯ ದಾರಿಯಲ್ಲಿ ಹೋಮ್‌ಸ್ಟೇ ಫಲಕಗಳು ಬೇಕಾದಷ್ಟಿವೆ. ಎರಡು ಕಡೆ ವಿಚಾರಿಸಿದೆ. ಕೋಣೆ ಕೊಡುತ್ತೇವೆ, ಡೇರೆಗೆ ಜಾಗವಿಲ್ಲ ಎಂದರು. ಅವರ ವ್ಯಾಪಾರ ಕೋಣೆಯದ್ದು, ತಪ್ಪು ಹೇಳುವಂತಿಲ್ಲ. ನಾನು ಕಲಿತ ಉಪಾಯವೆಂದರೆ ಮನೆಯ ಗೇಟಿಗೆ ನೇರವಾಗಿ ಹೋಗದಿರುವುದು. ತೋಟದ ಮನೆಗಳು ರಸ್ತೆಯಿಂದ ಒಳಗಿರುತ್ತವೆ, ನಾಯಿಗಳು ಬಿಟ್ಟಿರುತ್ತವೆ, ಹೆಲ್ಮೆಟ್ ಹಾಕಿದ ಅಪರಿಚಿತಳನ್ನು ಕಂಡು ಮನೆಯವರಿಗೂ ಗಾಬರಿಯಾಗುತ್ತದೆ. ಅದರ ಬದಲು ಊರಿನ ದಿನಸಿ ಅಂಗಡಿಯಲ್ಲಿ ಏನಾದರೂ ಕೊಂಡು, ಹೆಲ್ಮೆಟ್ ತೆಗೆದು, ಯಾವ ಊರು, ಏನು ಕೆಲಸ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ, ‘ಇಲ್ಲಿ ಯಾರ ಅಂಗಳದಲ್ಲಿ ಒಂದು ರಾತ್ರಿ ಡೇರೆ ಹಾಕಲು ಬಿಟ್ಟಾರು?’ ಎಂದು ಕೇಳಬೇಕು. ಹಾಕಬಹುದೇ ಎಂದು ಕೇಳಿದರೆ ಬೇಡವೆನ್ನುವುದು ಸುಲಭ. ಯಾರಲ್ಲಿ ಎಂದು ಕೇಳಿದರೆ ಅಂಗಡಿಯಲ್ಲಿರುವ ನಾಲ್ವರೂ ಯೋಚಿಸತೊಡಗುತ್ತಾರೆ. ಹಾಗೆಯೇ ಆಯಿತು. ಅಂಗಡಿಯವರು ಎರಡು ಫೋನು ಮಾಡಿದರು. ಐದಕ್ಕೆ ಹತ್ತು ನಿಮಿಷವಿರುವಾಗ, ನಿವೃತ್ತ ಸೈನಿಕರೊಬ್ಬರ ಮನೆಯ ಮುಂದೆ ಬೆಲ್ಲದ ಕಾಫಿಯ ಲೋಟ ಹಿಡಿದು ನಿಂತಿದ್ದೆ.

ಮನೆಯ ಕೆಳಗೆ ಕೊಯ್ಲಾದ ಗದ್ದೆ, ಅದರಾಚೆ ಕಾಡಿನ ಅಂಚು. ಗದ್ದೆಯ ಬದಿಯಲ್ಲಿ ಸಮತಟ್ಟಾದ ಮೆತ್ತನೆಯ ಹುಲ್ಲು ಕಂಡು, ಅಲ್ಲೇ ಹಾಕುತ್ತೇನೆಂದೆ. ಮನೆಯ ಯಜಮಾನರು ಡೇರೆಯನ್ನು ನೋಡಲೇ ಇಲ್ಲ, ಕಾಡಿನ ಅಂಚನ್ನು ನೋಡಿದರು.

“ಅಲ್ಲಿ ಬೇಡಮ್ಮ. ಅವು ಬರುವ ದಾರಿ ಅದು. ಕೊಟ್ಟಿಗೆಯ ಪಕ್ಕ ಹಾಕಿ, ಲೈಟು ರಾತ್ರಿಯೆಲ್ಲ ಉರಿಯುತ್ತದೆ. ಚೀಲದಲ್ಲಿ ಹಣ್ಣುಹಂಪಲು ಏನಾದರೂ ಇದ್ದರೆ ಒಳಗೆ ಕೊಡಿ.”

ಒಂದು ಕಿಲೋ ಕಿತ್ತಳೆಯೂ ಬಾಳೆಹಣ್ಣೂ ಇದ್ದವು. ಅವನ್ನು ಕೊಟ್ಟು, ಸಗಣಿಯ ವಾಸನೆಯ ಪಕ್ಕದಲ್ಲಿ, ಕಣ್ಣಿಗೆ ಕುಕ್ಕುವ ಬಲ್ಬಿನ ಕೆಳಗೆ ಡೇರೆ ಹಾಕಿದೆ. ನಕ್ಷತ್ರ ನೋಡುವ ಆಸೆ ಅಲ್ಲಿಗೆ ಮುಗಿಯಿತು. ರಾತ್ರಿ ಊಟಕ್ಕೆ ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟು, ಸಾರು. ಎರಡು ಗಂಟೆಯ ಹೊತ್ತಿಗೆ ಪಕ್ಕದ ತೋಟದಲ್ಲಿ ಪಟಾಕಿ ಸಿಡಿದು ಎಚ್ಚರವಾಯಿತು. ನಾಯಿಗಳು ಬೊಗಳಿದವು, ಯಾರೋ ದೂರದಲ್ಲಿ ಕೂಗಿದರು, ಮತ್ತೆರಡು ಪಟಾಕಿ. ಕೊಟ್ಟಿಗೆಯ ಹಸು ಎದ್ದು ನಿಂತ ಸದ್ದು ಕೇಳಿಸಿತು, ಸ್ವಲ್ಪ ಹೊತ್ತಿನ ಮೇಲೆ ಅದು ಮಲಗಿ ಉಸಿರುಬಿಟ್ಟದ್ದೂ ಕೇಳಿಸಿತು. ಹಸು ಮಲಗಿದ ಮೇಲೆ ನಾನೂ ಮಲಗಿದೆ. ಬೆಳಿಗ್ಗೆ ಯಜಮಾನರ ಜೊತೆ ಗದ್ದೆಗೆ ಇಳಿದಾಗ, ನಾನು ಮೊದಲು ತೋರಿಸಿದ್ದ ಹುಲ್ಲಿನಿಂದ ಮೂವತ್ತು ಹೆಜ್ಜೆಯಲ್ಲಿ ಎರಡು ಬಾಳೆಗಿಡಗಳು ಸೀಳಿ ಬಿದ್ದಿದ್ದವು. ಅವರು ಏನೂ ಹೇಳಲಿಲ್ಲ, ಬಾಳೆಯ ದಿಂಡನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಊರು ಸೇರಿದ ಮೇಲೆ ಅವರ ಮೊಮ್ಮಗಳಿಗೆ ಗಣಿತದ ಅಭ್ಯಾಸ ಪುಸ್ತಕವೊಂದನ್ನು ಅಂಚೆಯಲ್ಲಿ ಕಳಿಸಿದೆ.

ಮೂರನೆಯ ದಿನ ಹೇಳುವಂಥದ್ದು ಕಡಿಮೆ. ತಡಿಯಂಡಮೋಳ್ ಬೆಟ್ಟದ ತಪ್ಪಲಿನ ನಾಲ್ಕುನಾಡು ಅರಮನೆಯವರೆಗೆ ಹೋಗಿ ಬಂದೆ. ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಈ ಪುಟ್ಟ ಅರಮನೆಯ ಬೆಟ್ಟದ ನಡುವಿನ ನೆಲೆಯನ್ನು ನೋಡಿದರೆ, ಸೈಕಲ್ಲನ್ನು ತಳ್ಳಿಕೊಂಡು ಬಂದವರಿಗೆ ರಾಜರು ಅಡಗಿಕೊಳ್ಳಲು ಇಲ್ಲಿಗೇ ಯಾಕೆ ಬರುತ್ತಿದ್ದರೆಂಬುದು ಬೇಗ ಅರ್ಥವಾಗುತ್ತದೆ. ಹಿಂದಿರುಗಲು ವಿರಾಜಪೇಟೆ, ಸಿದ್ದಾಪುರ, ನಂಜರಾಯಪಟ್ಟಣದ ದಾರಿ ನನ್ನ ಮೂಲ ಯೋಜನೆಯಲ್ಲಿತ್ತು. ಆದರೆ ಸಿದ್ದಾಪುರದಿಂದಾಚೆಗಿನ ತೋಟದ ದಾರಿಗೆ ತಲುಪುವಾಗ ಸಂಜೆಯಾಗುವಂತಿತ್ತು, ಅಲ್ಲಿ ತೋಟಗಳೊಳಗೇ ಆನೆಗಳು ಬೀಡುಬಿಟ್ಟಿರುತ್ತವೆ. ಬಾಳೆಗಿಡವನ್ನು ಕಂಡ ಬೆಳಿಗ್ಗೆಯೇ ಆ ಯೋಜನೆಯನ್ನು ಕೈಬಿಟ್ಟು, ಮೂರ್ನಾಡಿನ ಮೂಲಕ ಮಡಿಕೇರಿಗೆ ಹತ್ತಿ, ಹೆದ್ದಾರಿಯಲ್ಲಿ ಇಳಿದು, ಆನೆಕಾಡನ್ನು ನಾಲ್ಕೂವರೆಗೆ ದಾಟಿ ಮನೆ ಸೇರಿದೆ.

ಮರುದಿನ ಡೇರೆಯನ್ನು ತಾರಸಿಯಲ್ಲಿ ಬಿಡಿಸಿ ಒಣಗಿಸಿದೆ. ತಳದ ಬಟ್ಟೆಗೆ ಸಗಣಿಯೂ ಕಾಫಿಯ ಸಿಪ್ಪೆಯೂ ಅಂಟಿದ್ದವು. ಮುಂದಿನ ಚಕ್ರಕ್ಕೆ ಸಣ್ಣ ಕ್ಯಾರಿಯರೊಂದನ್ನು ತರಿಸಿದ್ದೇನೆ, ಒಲೆ ಅಟ್ಟದ ಮೇಲೆ ಹೋಗಿದೆ. ಸೋಮವಾರಪೇಟೆಯ ಕಡೆಗೆ ಇನ್ನೊಂದು ಸುತ್ತು ಹೋಗುವ ಮನಸ್ಸಿದೆ. ಫೆಬ್ರವರಿಯ ಕೊನೆಗಾದರೆ ಕಾಫಿ ಗಿಡ ಹೂಬಿಡಲೆಂದು ತೋಟಗಳಲ್ಲಿ ರಾತ್ರಿಯೂ ಸ್ಪ್ರಿಂಕ್ಲರ್ ತಿರುಗುತ್ತಿರುತ್ತದೆ. ಹಾಗಾಗಿ ಈ ಬಾರಿ ಅಂಗಳ ಕೇಳುವಾಗ, ಪೈಪು ಯಾವ ಕಡೆಗಿದೆ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು.